ಪೇಟೆಯಲ್ಲಿ ಕರಗದ ರಾತ್ರಿ

ಯುಗಾದಿಯ ಬೇವುಬೆಲ್ಲ ಮುಗಿಯಿತು, ರಾಮನವಮಿಯ ಪಾನಕ ಕೋಸಂಬರಿಯೂ ಮುಗಿಯಿತು. ಬೆಂಗಳೂರಿನ ಹಳೇ ಪೇಟೆಯಲ್ಲಿ ಈಗ ಬಾಯಿ ಬಿಟ್ಟರೆ ಕರಗದ ಮಾತೇ. ತಿಗಳರಪೇಟೆಯ ಧರ್ಮರಾಯನ ಗುಡಿಯ ಮುಂದೆ ಧ್ವಜ ಏರಿದೆ. ಚೈತ್ರ ಶುದ್ಧ ತ್ರಯೋದಶಿಗೆ ನೀರಿನ ಬಳಿಯಿಂದ ಬರುವ ಹಸಿ ಕರಗ, ಮರುದಿನ ಪೊಂಗಲ್ ಸೇವೆ, ಹುಣ್ಣಿಮೆಯ ನಡುರಾತ್ರಿ ಕಳೆದ ಮೇಲೆ ಹೂವಿನ ಕರಗ. ಆ ಒಂದು ರಾತ್ರಿ ಬೆಂಗಳೂರಿಗೆ ನಿದ್ದೆ ಇಲ್ಲ. ಅಂದರೆ ಹಳೇ ಬೆಂಗಳೂರಿಗೆ. ಹೊರವಲಯದ ಬಡಾವಣೆಗಳಲ್ಲಿ ಇರುವ ಎಷ್ಟೋ ಮಂದಿಗೆ ಕರಗವೆಂದರೆ ಪತ್ರಿಕೆಯಲ್ಲಿ ಬರುವ ಸಂಚಾರ ಬದಲಾವಣೆಯ ಪ್ರಕಟಣೆ ಅಷ್ಟೆ. ಈ ಹೊತ್ತಿನ ನನ್ನ ಮಾತು ಮುಖ್ಯವಾಗಿ ಅವರಿಗೆ.

ಹಲವು ಮತ, ಹಲವು ಭಾಷೆಯ ಜನ ಒತ್ತೊತ್ತಾಗಿ ಬದುಕುವ ಊರಿನಲ್ಲಿ ಒಂದು ಹಿಂದೂ ಹಬ್ಬವನ್ನು ಹೇಗೆ ಮಾಡಬೇಕು ಎಂಬ ಪ್ರಶ್ನೆ ಇವತ್ತು ಎಲ್ಲೆಲ್ಲೂ ಕೇಳಿಬರುತ್ತಿದೆ. ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ಯಾರಿಗೂ ನೋವಾಗದ ಹಾಗೆ ಆಚರಣೆಯ ಒರಟು ಅಂಚುಗಳನ್ನೆಲ್ಲ ಉಜ್ಜಿ, ವೇದಿಕೆ ಕಟ್ಟಿ, ನಾಲ್ಕು ನೃತ್ಯ ಎರಡು ಭಾಷಣ ಇಟ್ಟು, ಎಲ್ಲರ ಹಬ್ಬ ಎಂದು ಕರೆಯುವುದು ಒಂದು. ಇದು ನಮ್ಮದು, ನೀವು ದೂರ ಇರಿ ಎಂದು ಬೇಲಿ ಹಾಕುವುದು ಇನ್ನೊಂದು. ಕರಗ ಈ ಎರಡೂ ದಾರಿ ಹಿಡಿದಿಲ್ಲ. ಅದರ ಕಟ್ಟಳೆಗಳು ಬಹಳ ಬಿಗಿ. ಒಂದು ಕುಲದವರ ಹೊರತು ಬೇರೆ ಯಾರಿಗೂ ಅದರ ಒಳಗುಟ್ಟು ತಿಳಿಯದು, ಅದನ್ನು ಹೊರುವ ಹಕ್ಕೂ ಇಲ್ಲ. ಹಾಗಿದ್ದೂ ಅದು ಊರಿನ ಎಲ್ಲ ಬೀದಿಗಳ ಹಬ್ಬ. ತನ್ನತನವನ್ನು ಒಂದು ಎಳೆಯಷ್ಟೂ ಬಿಟ್ಟುಕೊಡದ ಆಚರಣೆಯೊಂದು ಪರರ ಬಾಗಿಲಿಗೆ ಹೋಗಿ ನಿಲ್ಲಬಲ್ಲದು, ಅಲ್ಲಿ ಗೌರವ ಪಡೆಯಬಲ್ಲದು, ಗೌರವ ಕೊಡಬಲ್ಲದು. ನಾನು ಬಲವಾಗಿ ನಂಬಿರುವ ಮಾತು ಇದು. ಅದಕ್ಕೆ ಆಧಾರ ಬೇಕೆಂದರೆ ಪುಸ್ತಕ ಹುಡುಕಬೇಕಾಗಿಲ್ಲ, ಒಂದು ರಾತ್ರಿ ಪೇಟೆಯ ಬೀದಿಗಳಲ್ಲಿ ನಡೆದರೆ ಸಾಕು.

ಪೇಟೆ ಎಂದೆನಲ್ಲ, ಅದು ಎಂಥ ಜಾಗ ಎಂಬುದನ್ನು ಮೊದಲು ಹೇಳಬೇಕು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಊರು ಇದು. ಕಸುಬಿಗೊಂದು ಪೇಟೆ. ಗಾಣಿಗರಪೇಟೆ, ಕುಂಬಾರಪೇಟೆ, ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ. ನಗರ್ತಪೇಟೆಯ ಓಣಿಗಳಲ್ಲಿ ಈಗಲೂ ಚಿನ್ನದ ಕೆಲಸದವರ ಸುತ್ತಿಗೆ ಸದ್ದು ಕೇಳುತ್ತದೆ. ಕಬ್ಬನ್‌ಪೇಟೆಯಲ್ಲಿ ನೇಕಾರರ ನೆಲೆ. ಚಿಕ್ಕಪೇಟೆಯ ಸೀರೆ ಅಂಗಡಿಗಳ ಗಲ್ಲಾದಲ್ಲಿ ಕೂತವರಲ್ಲಿ ರಾಜಸ್ಥಾನ, ಗುಜರಾತುಗಳಿಂದ ಬಂದು ಎಷ್ಟೋ ತಲೆಮಾರು ಇಲ್ಲೇ ಕಳೆದ ಜೈನ ಕುಟುಂಬದವರಿದ್ದಾರೆ. ಕಾಟನ್‌ಪೇಟೆಯಲ್ಲಿ ಉರ್ದು ಮಾತಾಡುವ ಮನೆಗಳು. ಅಂಗಡಿಯ ಹುಡುಗ ತೆಲುಗಿನಲ್ಲಿ ಬೆಲೆ ಹೇಳಿ, ತಮಿಳಿನಲ್ಲಿ ಚೌಕಾಸಿ ಕೇಳಿಸಿಕೊಂಡು, ಕನ್ನಡದಲ್ಲಿ ಬಿಲ್ಲು ಬರೆಯುವುದು ಇಲ್ಲಿ ಯಾರಿಗೂ ವಿಶೇಷವಲ್ಲ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯೊಳಗೆ ಕನ್ನಡವನ್ನು ತಾಯಿನುಡಿ ಎಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ತಮಿಳು, ತೆಲುಗು, ಉರ್ದು ಅದರ ಹಿಂದೆಯೇ ಬರುತ್ತವೆ. ಐಟಿ ಕಂಪನಿಗಳು ಬಂದ ಮೇಲೆ ಬೆಂಗಳೂರು ಹಲವರ ಊರಾಯಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಈ ಪೇಟೆ ಶುರುವಿನಿಂದಲೂ ಹಲವರದ್ದೇ.

ಇಂಥ ಊರಿನ ಅತಿ ದೊಡ್ಡ ಹಬ್ಬ ಯಾರದ್ದು ಗೊತ್ತೆ? ಅರಸರದ್ದಲ್ಲ, ಸಾಹುಕಾರರದ್ದೂ ಅಲ್ಲ. ತೋಟಗಾರರದ್ದು. ವಹ್ನಿಕುಲ ಕ್ಷತ್ರಿಯರು ಎಂದು ತಮ್ಮನ್ನು ಕರೆದುಕೊಳ್ಳುವ ತಿಗಳರದ್ದು. ಹೂವು, ತರಕಾರಿ, ಸೊಪ್ಪು ಬೆಳೆದು ಈ ಊರಿನ ಹೊಟ್ಟೆ ಹೊರೆದವರು, ಊರಿನ ಮುಡಿಗೆ ಹೂ ಮುಡಿಸಿದವರು ಅವರು. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ತೋಟ ಶುರುಮಾಡಿದಾಗ ಅಲ್ಲಿ ದುಡಿದ ಕೈಗಳಲ್ಲಿ ಇವರ ಕೈಯೂ ಇತ್ತು ಎನ್ನುತ್ತಾರೆ. ಕೆರೆಯ ಹಿಂದೆ ತೋಟ, ತೋಟದ ಬದಿಗೆ ಬಾವಿ, ಬಾವಿಯ ಪಕ್ಕ ಗುಡಿ, ಹೀಗೆ ಇವರ ಲೋಕ ಹರಡಿಕೊಂಡಿತ್ತು. ಇವರ ಒಂದು ಕವಲು ತಮಿಳು ಸೀಮೆಯಿಂದ ಬಂದದ್ದು ಎಂಬ ಮಾತಿದೆ. ಇವರ ಮನೆಗಳಲ್ಲಿ ಕನ್ನಡದ ಜೊತೆಗೆ ತಮಿಳಿನ, ತೆಲುಗಿನ ಎಳೆಗಳೂ ಬೆರೆತಿವೆ. ಹಣದಲ್ಲಾಗಲಿ ಅಧಿಕಾರದಲ್ಲಾಗಲಿ ಊರಿನ ಮೇಲಂತಸ್ತಿನಲ್ಲಿ ಇಲ್ಲದ ಒಂದು ಸಮುದಾಯ ವರ್ಷಕ್ಕೊಂದು ರಾತ್ರಿ ಇಡೀ ಊರನ್ನು ತನ್ನ ಅತಿಥಿಯಾಗಿ ಕರೆಯುತ್ತದೆ. ಸಾಹುಕಾರರು, ಮಂತ್ರಿಗಳು, ಪೊಲೀಸ್ ಅಧಿಕಾರಿಗಳು ಎಲ್ಲರೂ ಆ ರಾತ್ರಿ ತಿಗಳರ ಗುಡಿಯ ಬಾಗಿಲಲ್ಲಿ ಕಾದು ನಿಲ್ಲುತ್ತಾರೆ. ಈ ಮಾತನ್ನು ನಾವು ಸಾಕಷ್ಟು ಹೇಳಿಲ್ಲ ಎಂದು ನನಗೆ ಅನ್ನಿಸುತ್ತದೆ.

ಕರಗದ ಕಥೆ ಮಹಾಭಾರತದ ಬುಡದಿಂದ ಹುಟ್ಟಿದ್ದು, ಆದರೆ ವ್ಯಾಸಭಾರತದಲ್ಲಿ ಸಿಕ್ಕುವುದಿಲ್ಲ. ಪಾಂಡವರು ಸ್ವರ್ಗಾರೋಹಣಕ್ಕೆ ಹೊರಟಿದ್ದಾರೆ. ಎಲ್ಲರಿಗಿಂತ ಹಿಂದೆ ಉಳಿದವಳು ದ್ರೌಪದಿ. ತಿಮಿರಾಸುರನೆಂಬ ರಕ್ಕಸ ಅವಳ ಮೇಲೆ ಎರಗುತ್ತಾನೆ. ಆಗ ಆಕೆ ಆದಿಶಕ್ತಿಯ ರೂಪ ತಾಳಿ ತನ್ನ ಮೈಯಿಂದಲೇ ವೀರಕುಮಾರರ ಪಡೆಯನ್ನು ಹುಟ್ಟಿಸುತ್ತಾಳೆ. ಅವರು ಕತ್ತಿ ಹಿಡಿದು ಅಸುರನನ್ನು ಸಂಹರಿಸುತ್ತಾರೆ. ಕೆಲಸ ಮುಗಿದ ಮೇಲೆ ತಾಯಿ ಹೊರಡಲು ಅಣಿಯಾದಾಗ ಮಕ್ಕಳು ಬಿಡುವುದಿಲ್ಲ. ವರ್ಷಕ್ಕೊಮ್ಮೆ ಮೂರು ದಿನ ಬಂದು ನಿಮ್ಮೊಡನೆ ಇರುತ್ತೇನೆ ಎಂದು ಆಕೆ ಭಾಷೆ ಕೊಡುತ್ತಾಳೆ. ಹಸಿ ಕರಗದಿಂದ ಹುಣ್ಣಿಮೆಯ ತನಕದ ಮೂರು ದಿನ ಆಕೆ ಭಾಷೆ ನಡೆಸುವ ದಿನಗಳು. ಗಂಡಂದಿರು ಐವರು ಇದ್ದೂ ತುಂಬಿದ ಸಭೆಯಲ್ಲಿ ಒಂಟಿಯಾದ ಹೆಣ್ಣು ಇಲ್ಲಿ ಒಂದು ಊರಿಗೇ ತಾಯಿಯಾಗಿದ್ದಾಳೆ. ಗುಡಿಗೆ ಹೆಸರು ಧರ್ಮರಾಯನದು, ಹಬ್ಬ ಮಾತ್ರ ಪೂರಾ ದ್ರೌಪದಿಯದು.

ಆಕೆ ಬರುವುದು ಗಂಡಸಿನ ಮೈಯಲ್ಲಿ. ಕರಗ ಹೊರುವ ಪೂಜಾರಿ ಗುಡಿಯ ಮನೆತನಗಳಿಗೆ ಸೇರಿದವರು. ತಿಂಗಳುಗಟ್ಟಲೆ ವ್ರತ, ಮೈ ಪಳಗಿಸುವ ಸಾಧನೆ. ಹೆಂಡತಿಯಿಂದ ತಾಳಿ, ಬಳೆಗಳನ್ನು ಪಡೆದು ಧರಿಸುತ್ತಾರೆ. ಕರಗ ಮುಗಿಯುವವರೆಗೆ ಆಕೆ ಗಂಡನ ಕಣ್ಣಿಗೆ ಬೀಳುವಂತಿಲ್ಲ ಎಂಬುದು ಕಟ್ಟಳೆ. ಹುಣ್ಣಿಮೆಯ ರಾತ್ರಿ ಊರೆಲ್ಲ ಬೀದಿಯಲ್ಲಿ ಇರುವಾಗ ಆ ಒಬ್ಬ ಹೆಣ್ಣುಮಗಳು ಬೋಳುಕೊರಳಿನಲ್ಲಿ ಮನೆಯೊಳಗೆ ಕೂತಿರುತ್ತಾಳೆ. ಕರಗದ ಬಗ್ಗೆ ಮಾತಾಡುವವರು ಹೊರುವವರ ತಪಸ್ಸನ್ನು ಕೊಂಡಾಡುತ್ತಾರೆ. ಆಕೆಯ ಪಾಲಿನ ತಪಸ್ಸಿಗೂ ಅಷ್ಟೇ ಗೌರವ ಸಲ್ಲಬೇಕು.

ಹೂವಿನ ಕರಗ ಎಂದರೆ ತಲೆಯ ಮೇಲೆ ಎದ್ದ ಒಂದು ಮಲ್ಲಿಗೆಯ ಗೋಪುರ. ಒಳಗಿರುವ ಕಳಶದಲ್ಲಿ ಏನಿದೆ ಎಂಬುದು ಹೊರಗಿನವರಿಗೆ ತಿಳಿಯದು, ಕೇಳಲೂ ಬಾರದು. ಅರಿಸಿನ ಬಣ್ಣದ ಸೀರೆ, ಕೈತುಂಬ ಬಳೆ. ಒಂದು ಕೈಯಲ್ಲಿ ಬಾಕು, ಇನ್ನೊಂದರಲ್ಲಿ ಮಂತ್ರದಂಡ. ಕರಗವನ್ನು ಕೈಯಿಂದ ಮುಟ್ಟುವಂತಿಲ್ಲ. ನಡುರಾತ್ರಿಯಿಂದ ಬೆಳಗಿನ ತನಕ ಕುತ್ತಿಗೆಯ ಮೇಲೇ ಅದರ ಭಾರ, ಕಾಲಿನಲ್ಲಿ ನಡಿಗೆಗಿಂತ ಹೆಚ್ಚಾಗಿ ಕುಣಿತ. ಸುತ್ತ ಬರಿಮೈಯ ವೀರಕುಮಾರರು, ಎಲ್ಲರ ಕೈಯಲ್ಲೂ ಹಿರಿದ ಕತ್ತಿ. ಕರಗ ಬಿದ್ದರೆ ಹೊತ್ತವರನ್ನು ಅದೇ ಕತ್ತಿಗಳು ತರಿಯುತ್ತವೆ ಎಂದು ಪೇಟೆಯ ಮಕ್ಕಳಿಗೆಲ್ಲ ಅಜ್ಜಿಯರು ಹೇಳಿರುತ್ತಾರೆ.

ಇಂಥ ಕಟ್ಟುನಿಟ್ಟಿನ ಆಚರಣೆ ಬೀದಿಗೆ ಇಳಿದಾಗ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ರಾತ್ರಿ ಹತ್ತಕ್ಕೆಲ್ಲ ಅವೆನ್ಯೂ ರಸ್ತೆಯ ಉದ್ದಕ್ಕೂ ಜನ. ಪೇಟೆಯ ಒಂದೊಂದು ಗುಡಿಯಿಂದಲೂ ಹೂವಿನ ಪಲ್ಲಕ್ಕಿ ಹೊರಟಿರುತ್ತದೆ. ನಾಗಸ್ವರದ ಹಿಂದೆ ತಮಟೆ, ತಮಟೆಯ ಹಿಂದೆ ಜನರೇಟರ್ ಗಾಡಿ. ಅಂಗಡಿಗಳ ಜಗಲಿಗಳ ಮೇಲೆ ಅರವಟ್ಟಿಗೆಗಳು. ನೀರುಮಜ್ಜಿಗೆ, ಪಾನಕ, ಕೋಸಂಬರಿ, ಕೆಲವು ಕಡೆ ದೊನ್ನೆಯಲ್ಲಿ ಬಿಸಿ ಪೊಂಗಲು. ಏಪ್ರಿಲಿನ ಸೆಕೆ. ಸೌಟು ಹಿಡಿದು ಬಡಿಸುವವರಲ್ಲಿ ಮಾರ್ವಾಡಿ ಅಂಗಡಿಯವರು ಇರುತ್ತಾರೆ, ತರಕಾರಿ ಮಂಡಿಯವರು ಇರುತ್ತಾರೆ. ಇಲ್ಲೊಂದು ಸಂಗತಿ ಹೇಳಬೇಕು. ಹಸಿ ಕರಗದ ದಿನ ಬರುವ ಚೈತ್ರ ಶುದ್ಧ ತ್ರಯೋದಶಿಯೇ ಜೈನರಿಗೆ ಮಹಾವೀರ ಜಯಂತಿ. ಒಂದೇ ತಿಥಿಯಂದು ಪೇಟೆಯಲ್ಲಿ ಬೆಳಿಗ್ಗೆ ಅಹಿಂಸೆಯ ಮೆರವಣಿಗೆ, ರಾತ್ರಿ ಕತ್ತಿ ಹಿಡಿದವರ ಕಾವಲಿನಲ್ಲಿ ಹಸಿ ಕರಗ. ಯಾರೂ ಯಾರ ದಾರಿಗೂ ಅಡ್ಡ ಬರುವುದಿಲ್ಲ. ಎರಡಕ್ಕೂ ಹೂವು ಬರುವುದು ಒಂದೇ ಮಾರುಕಟ್ಟೆಯಿಂದ.

ಗುಡಿಯ ಮುಂದೆ ಕರ್ಪೂರ ರಾಶಿರಾಶಿಯಾಗಿ ಉರಿಯುತ್ತದೆ. ಕರಗ ಹೊರಬೀಳುವ ಹೊತ್ತು ಯಾರೂ ಖಚಿತವಾಗಿ ಹೇಳುವುದಿಲ್ಲ, ಕಾಯಬೇಕು. ಕಾದು ಕಾದು ಮಕ್ಕಳು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗುತ್ತವೆ. ಆಮೇಲೆ ಇದ್ದಕ್ಕಿದ್ದ ಹಾಗೆ ಗೋವಿಂದಾ ಗೋವಿಂದಾ ಎಂಬ ಕೂಗು. ಮಹಡಿಗಳಿಂದ, ಕಿಟಕಿಗಳಿಂದ ಮಲ್ಲಿಗೆ ಸುರಿಯತೊಡಗುತ್ತದೆ. ಆ ಒಂದು ಗಳಿಗೆಯಲ್ಲಿ ಗಾಳಿಯಲ್ಲಿ ಮಲ್ಲಿಗೆ, ಕರ್ಪೂರ, ಬೆವರು, ಕತ್ತಿಗೆ ಸವರಿದ ಎಣ್ಣೆ ಎಲ್ಲವೂ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ಕರಗ ಕಣ್ಣಿಗೆ ಬೀಳುವುದು ಕೆಲವೇ ಕ್ಷಣ. ಬಿಳಿಯದೊಂದು ಗೋಪುರ ಜನರ ತಲೆಗಳ ಮೇಲೆ ತೇಲಿದ ಹಾಗೆ ಹೋಗಿಬಿಡುತ್ತದೆ.

ಆಮೇಲೆ ಅದು ಬೀದಿ ಬೀದಿ ಸುತ್ತುತ್ತದೆ. ಪೇಟೆಯ ಗುಡಿಗಳ ಮುಂದೆ ನಿಂತು ಪೂಜೆ ಪಡೆಯುತ್ತದೆ. 1928ರಲ್ಲಿ ಕಟ್ಟಿದ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಗೆ, ಹಳಬರು ಸಿದ್ದಿಕಟ್ಟೆ ಎನ್ನುವ ಆ ಜಾಗಕ್ಕೆ ಬರುತ್ತದೆ. ಬೆಳಗಾಗುವ ಮುನ್ನ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುತ್ತದೆ.

ತವಕ್ಕಲ್ ಮಸ್ತಾನ್ 18ನೆಯ ಶತಮಾನದ ಸೂಫಿ ಸಂತ, ಹೈದರಾಲಿಯ ಕಾಲದವರು ಎನ್ನುತ್ತಾರೆ. ಅವರ ಕಥೆಯನ್ನು ಪೇಟೆಯಲ್ಲಿ ಹಲವು ಬಗೆಯಲ್ಲಿ ಹೇಳುತ್ತಾರೆ. ನಾನು ಹೆಚ್ಚಾಗಿ ಕೇಳಿದ್ದು ಹೀಗೆ. ಸಂತರು ಕರಗದ ಮೆರವಣಿಗೆಯಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಗಾಯಗೊಂಡರು, ರಕ್ತ ಹರಿಯಿತು. ಧರ್ಮರಾಯನ ಗುಡಿಯವರು ಅವರನ್ನು ಕರೆದೊಯ್ದು ಗಾಯಕ್ಕೆ ಕುಂಕುಮ ಹಚ್ಚಿ ಉಪಚರಿಸಿದರು. ಗಾಯ ಮಾಯಿತು. ನನ್ನ ಕಾಲ ಮುಗಿದ ಮೇಲೂ ಕರಗ ನನ್ನಲ್ಲಿಗೆ ಬಂದು ಹೋಗಲಿ ಎಂದು ಸಂತರು ಕೇಳಿಕೊಂಡರು. ಗುಡಿಯವರು ಒಪ್ಪಿದರು. ಅಂದು ಕೊಟ್ಟ ಮಾತು ಇಂದಿಗೂ ನಡೆಯುತ್ತಿದೆ. ಕರಗ ದರ್ಗಾದೊಳಗೆ ಹೋಗಿ ಮೂರು ಸುತ್ತು ಬಂದು ಹೊರಡುತ್ತದೆ.

ಒಂದು ವರ್ಷ ಆ ಓಣಿಯಲ್ಲಿ ಕಾಯುತ್ತಾ ನಿಂತಿದ್ದೆ. ಬಿಳಿ ಗಡ್ಡದ ಒಬ್ಬರು ತಮ್ಮ ಅಂಗಡಿಯ ಮುಂದಿನ ಬೆಂಚನ್ನು ಎಳೆದು ಮುದುಕಿಯೊಬ್ಬರನ್ನು ಕೂರಿಸಿದರು. ಆಕೆಯ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. "ಇನ್ನೂ ಹೊತ್ತಿದೆ ಅಮ್ಮ, ಮಾರ್ಕೆಟ್ ಹತ್ರಾನೇ ಇದೆಯಂತೆ, ಆರಾಮಾಗಿ ಕೂತ್ಕೊಳ್ಳಿ" ಎಂದರು. ಆಕೆ, "ಪ್ರತಿ ವರ್ಷ ಇಲ್ಲೇ ನಿಂತ್ಕೊಂಡು ನೋಡೋದು ಕಣಪ್ಪ, ಗುಡಿ ಹತ್ರ ತಳ್ಳಾಟ ತಡ್ಯಕ್ಕಾಗಲ್ಲ, ಇಲ್ಲಿ ಚೆನ್ನಾಗಿ ಕಾಣ್ತಾಳೆ ತಾಯಿ" ಎಂದರು. ಅವರು ತಲೆಯಾಡಿಸಿ ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟರು. ಇಷ್ಟೇ ನಡೆದದ್ದು. ಇಬ್ಬರೂ ಕೋಮು ಸೌಹಾರ್ದ ಎಂಬ ಮಾತನ್ನು ಎತ್ತಲಿಲ್ಲ. ಅವರಿಗೆ ಅದು ಕರಗದ ರಾತ್ರಿ, ಅಷ್ಟೆ. ಆ ಮುದುಕಿಗೆ ದರ್ಗಾದ ಓಣಿ ತನ್ನ ದೇವರನ್ನು ಚೆನ್ನಾಗಿ ಕಾಣುವ ಜಾಗ. ಆ ಅಂಗಡಿಯವರಿಗೆ ಆಕೆ ತನ್ನ ಬಾಗಿಲಿಗೆ ಬಂದ ದೊಡ್ಡವರು.

ದ್ರೌಪದಿಗೂ ಮುಸಲ್ಮಾನರಿಗೂ ಇರುವ ಈ ನಂಟು ಬೆಂಗಳೂರಿನಲ್ಲಿ ಮಾತ್ರ ಆದ ಆಕಸ್ಮಿಕ ಎಂದುಕೊಳ್ಳಬೇಡಿ. ದ್ರೌಪದಿಯ ಆರಾಧನೆ ಉತ್ತರ ತಮಿಳುನಾಡಿನ ಸೆಂಜಿ ಸೀಮೆಯಲ್ಲಿ ಬಲವಾಗಿದೆ. ಅದನ್ನು ಅಮೆರಿಕದ ವಿದ್ವಾಂಸ ಆಲ್ಫ್ ಹಿಲ್ಟೆಬೈಟಲ್ ವರ್ಷಗಟ್ಟಲೆ ಓಡಾಡಿ ಅಭ್ಯಾಸ ಮಾಡಿ, 1988ರಿಂದ ಮುಂದೆ ದೊಡ್ಡ ಸಂಪುಟಗಳಲ್ಲಿ ಬರೆದಿದ್ದಾರೆ. ಅಲ್ಲಿನ ದ್ರೌಪದಿ ಗುಡಿಗಳಲ್ಲಿ ತಾಯಿಯ ಕಾವಲಿಗೆ ನಿಂತ ಒಬ್ಬ ದೇವತೆ ಇದ್ದಾನೆ. ಹೆಸರು ಮುತ್ತಾಲ್ ರಾವುತ್ತನ್. ಆತ ಮುಸಲ್ಮಾನ. ಗುಡಿಯ ಪರಿವಾರದಲ್ಲೇ ಆತನಿಗೆ ಸ್ಥಾನ. ಕುದುರೆ ಏರಿ ದಂಡಿನಲ್ಲಿ ದುಡಿಯುತ್ತಿದ್ದ ರಾವುತ್ತರ ನೆನಪು ಆ ಹೆಸರಿನಲ್ಲಿದೆ. ಅಂದರೆ ತಾಯಿ ದ್ರೌಪದಿಯ ಮನೆಯಲ್ಲಿ ಮುಸಲ್ಮಾನನೊಬ್ಬ ಕಾವಲುಗಾರ ಇರುವುದು, ಆಕೆ ಮುಸಲ್ಮಾನ ಸಂತನ ಮನೆಗೆ ಹೋಗಿಬರುವುದು, ಎರಡೂ ಒಂದೇ ಬಳ್ಳಿಯ ಹೂವುಗಳು ಎನ್ನಿಸುತ್ತದೆ. ನಮ್ಮ ಹಿರಿಯರು ಮಹಾಭಾರತವನ್ನು ತಮ್ಮ ಊರಿನ ಜನರನ್ನೆಲ್ಲ ಸೇರಿಸಿಕೊಂಡೇ ಕಟ್ಟಿದ್ದಾರೆ.

ಕರಗ ದರ್ಗಾಕ್ಕೆ ಹೋಗುವ ವಾಡಿಕೆಗೆ ಕಷ್ಟದ ದಿನಗಳೂ ಬಂದಿವೆ. 2020ರಲ್ಲಿ, ಅದರ ಮರುವರ್ಷ ಕೊರೊನಾ ಕಾರಣಕ್ಕೆ ಬೀದಿಯ ಮೆರವಣಿಗೆ ಇಲ್ಲದೆ, ಗುಡಿಯ ಮಟ್ಟಿಗೆ ಕೆಲವೇ ಜನರ ನಡುವೆ ಕಾರ್ಯ ನಡೆಯಿತು. 2022ರಲ್ಲಿ ಬೇರೆಯದೇ ಪರೀಕ್ಷೆ. ನಾಡಿನಲ್ಲಿ ಬಿಸಿ ಏರಿದ್ದ ತಿಂಗಳುಗಳು ಅವು. ಜಾತ್ರೆಗಳಲ್ಲಿ ಯಾರು ಅಂಗಡಿ ಇಡಬೇಕು, ಯಾರು ಇಡಬಾರದು ಎಂಬ ಜಗಳ ಊರೂರಿಗೆ ಹಬ್ಬಿತ್ತು. ಕರಗ ದರ್ಗಾಕ್ಕೆ ಹೋಗಕೂಡದು ಎಂದು ಕೆಲವರು ಒತ್ತಾಯಿಸಿದರು. ಆಗ ದರ್ಗಾದ ಹಿರಿಯರು ಧರ್ಮರಾಯನ ಗುಡಿಗೆ ನಡೆದುಬಂದರು, ಈ ವರ್ಷವೂ ಕರಗ ನಮ್ಮಲ್ಲಿಗೆ ಬರಬೇಕು ಎಂದು ಕರೆದುಹೋದರು. ಗುಡಿಯವರು, ಇದು ಹಿಂದಿನಿಂದ ನಡೆದುಬಂದದ್ದು, ಇದನ್ನು ಮುರಿಯುವುದಿಲ್ಲ ಎಂದರು. ಏಪ್ರಿಲ್ 16ರ ರಾತ್ರಿ ಹೊರಟ ಕರಗ ಎಂದಿನಂತೆ ಕಾಟನ್‌ಪೇಟೆಗೆ ಹೋಯಿತು.

ಗುಡಿಯವರು ಆಡಿದ ಮಾತಿನ ತೂಕವನ್ನು ನಾವು ಸರಿಯಾಗಿ ತಿಳಿಯಬೇಕು. ಕಾಲಕ್ಕೆ ತಕ್ಕಂತೆ ಉದಾರವಾಗಿ ಇರೋಣ ಎಂದು ಅವರು ಹೇಳಲಿಲ್ಲ. ಸಂಪ್ರದಾಯವನ್ನು ಬಿಡುವುದಿಲ್ಲ ಎಂದರು. ಸಂಪ್ರದಾಯದ ಬಿಗಿಯೇ ಅಲ್ಲಿ ನೆರೆಮನೆಯ ಬಾಗಿಲನ್ನು ತೆರೆದಿಟ್ಟಿತು. ಆಚರಣೆಯ ಒಂದೊಂದು ಹೆಜ್ಜೆಯನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾಯುವವರು ದರ್ಗಾದ ಮೂರು ಸುತ್ತನ್ನೂ ಅಷ್ಟೇ ನಿಷ್ಠೆಯಿಂದ ಕಾದರು. ಕರಗ ಬರೀ ವೇದಿಕೆಯ ಉತ್ಸವವಾಗಿದ್ದರೆ ಆ ವರ್ಷದ ಗಾಳಿಗೆ ಒಂದು ಸಭೆ ಸೇರಿ ಮಾರ್ಗ ಬದಲಿಸುವುದು ಏನೂ ಕಷ್ಟವಾಗುತ್ತಿರಲಿಲ್ಲ.

ಆ ರಾತ್ರಿಯ ಪಂಚಾಂಗವನ್ನೊಮ್ಮೆ ನೆನೆಯಿರಿ. ಹಿಂದೂಗಳಿಗೆ ಚೈತ್ರದ ಹುಣ್ಣಿಮೆ. ಮುಸಲ್ಮಾನರಿಗೆ ರಂಜಾನ್ ತಿಂಗಳು, ನಸುಕಿನ ಸಹರಿ ಊಟಕ್ಕೆ ಮನೆಮನೆಯಲ್ಲೂ ದೀಪ. ಬೆಳಗಾದರೆ ಏಪ್ರಿಲ್ 17, ಕ್ರೈಸ್ತರಿಗೆ ಈಸ್ಟರ್. ಚರ್ಚುಗಳಲ್ಲಿ ರಾತ್ರಿಯ ಜಾಗರಣೆಯ ಪ್ರಾರ್ಥನೆ. ಎರಡು ದಿನ ಮೊದಲು ಮಹಾವೀರ ಜಯಂತಿ, ಅಂದೇ ಅಂಬೇಡ್ಕರ್ ಜಯಂತಿ. ಯಾರೂ ಕೂಡಿಸಿ ಇಟ್ಟದ್ದಲ್ಲ, ಚಂದ್ರನೂ ಸೂರ್ಯನೂ ತಾವೇ ಹಾಗೆ ಹೊಂದಿಸಿದ್ದರು. ಬೆಂಗಳೂರಿನ ಒಂದಲ್ಲ ಒಂದು ಮೂಲೆಯಲ್ಲಿ ಪ್ರತಿಯೊಂದು ಸಮುದಾಯದವರೂ ಆ ರಾತ್ರಿ ಎದ್ದೇ ಇದ್ದರು.

ಇದೇ ದ್ರೌಪದಿ ಕಡಲು ದಾಟಿಯೂ ಹೋಗಿದ್ದಾಳೆ. ಕಬ್ಬಿನ ತೋಟಗಳ ಕೂಲಿಗೆಂದು ಹಡಗು ಹತ್ತಿದ ತಮಿಳರು ಮಾರಿಷಸ್, ರಿಯೂನಿಯನ್, ಫಿಜಿಗಳಿಗೆ ಆಕೆಯ ಕೆಂಡಸೇವೆಯನ್ನು ಒಯ್ದರು. ಸಿಂಗಪುರದ ಸೌತ್ ಬ್ರಿಜ್ ರಸ್ತೆಯಲ್ಲಿ 1827ರಲ್ಲಿ ಸ್ಥಾಪನೆಯಾದ ಮಾರಿಯಮ್ಮನ ಗುಡಿ ಇದೆ. ಸುತ್ತ ಚೀನೀಯರ ಪೇಟೆ. ಗುಡಿಯ ಪಕ್ಕದಲ್ಲೇ ತಮಿಳು ಮುಸಲ್ಮಾನರು ಕಟ್ಟಿದ ಜಾಮೆ ಮಸೀದಿ. ಅದೇ ರಸ್ತೆಯಲ್ಲಿ ಮುಂದೆ ಬುದ್ಧನ ದೇವಾಲಯ. ದೀಪಾವಳಿಗೆ ಸ್ವಲ್ಪ ಮೊದಲು ಈ ಮಾರಿಯಮ್ಮನ ಗುಡಿಯಲ್ಲಿ ದ್ರೌಪದಿಯ ಹೆಸರಿನಲ್ಲಿ ಕೆಂಡ ಹಾಯುತ್ತಾರೆ. ಭಕ್ತರು ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ಗುಡಿಯಿಂದ ಊರ ನಡುವೆ ನಡೆದು ಇಲ್ಲಿಗೆ ಬರುತ್ತಾರೆ. ಕೆಂಡ ಹಾಯುವುದು ಹಗುರ ಮಾಡಲು ಬರುವ ಆಚರಣೆಯಲ್ಲ, ಅದನ್ನು ಅವರು ಹಗುರ ಮಾಡಿಯೂ ಇಲ್ಲ. ಆ ಗುಡಿಯ ಗೋಪುರದಿಂದಾಗಿಯೇ ಪಕ್ಕದ ಓಣಿಗೆ ಪಗೋಡಾ ಸ್ಟ್ರೀಟ್ ಎಂದು ಹೆಸರಾಯಿತು. ಮಸೀದಿಯ ಆಚೆ ಬದಿಯ ಓಣಿಗೆ ಮಸೀದಿಯದೇ ಹೆಸರು. ನಮ್ಮ ತಿಗಳರಪೇಟೆಗೂ ಆ ಚೀನೀ ಪೇಟೆಗೂ ಸಾವಿರಾರು ಮೈಲಿ ಅಂತರ. ತಾಯಿ ಮಾತ್ರ ಒಬ್ಬಳೇ.

ಕರಗಕ್ಕೆ ನಿಜವಾದ ಅಪಾಯ ಎಲ್ಲಿದೆ ಎಂದು ಕೇಳಿದರೆ ನಾನು ಕೆರೆಯ ಕಡೆ ಕೈ ತೋರಿಸುತ್ತೇನೆ. ಹಸಿ ಕರಗ ಬರಬೇಕಾದದ್ದು ಸಂಪಂಗಿ ಕೆರೆಯಿಂದ. ಆ ಕೆರೆಯನ್ನು ಬತ್ತಿಸಿ ಕಂಠೀರವ ಕ್ರೀಡಾಂಗಣ ಕಟ್ಟಿದರು. ಈಗ ಪಕ್ಕದಲ್ಲಿ ಕರಗದ ಸಲುವಾಗಿಯೇ ಉಳಿಸಿದ ಒಂದು ಸಣ್ಣ ಕುಂಟೆ ಇದೆ. ಒಂದು ಕಾಲಕ್ಕೆ ದಂಡು ಪ್ರದೇಶಕ್ಕೆ ನೀರು ಕೊಟ್ಟ, ತಿಗಳರ ತೋಟಗಳಿಗೆ ಹಸಿರು ಕೊಟ್ಟ ಕೆರೆಯಿಂದ ಉಳಿದದ್ದು ಇಷ್ಟು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಕರಗವನ್ನು ಆಳವಾಗಿ ಅಭ್ಯಾಸ ಮಾಡಿ 2001ರಲ್ಲಿ ಪುಸ್ತಕ ಪ್ರಕಟಿಸಿದ ವಿದ್ವಾಂಸೆ ಸ್ಮೃತಿ ಶ್ರೀನಿವಾಸ್, ಕೆರೆ, ತೋಟ, ಪೇಟೆ, ದಂಡುಗಳ ಹಳೆಯ ನಗರವನ್ನು ಈ ಹಬ್ಬ ಹೇಗೆ ನೆನಪಿನಲ್ಲಿ ಉಳಿಸಿಕೊಂಡಿದೆ ಎಂಬುದನ್ನು ವಿವರವಾಗಿ ತೋರಿಸಿದ್ದಾರೆ. ಅವರ ಪುಸ್ತಕ ಓದಿದ ಮೇಲೆ ಕರಗದ ದಾರಿ ನನಗೆ ಊರಿನ ಹಳೇ ನಕ್ಷೆಯಾಗಿ ಕಾಣತೊಡಗಿತು. ನೀರು ಇಲ್ಲವಾಯಿತು, ನೀರಿನ ಬಳಿಗೆ ಹೋಗುವ ಹೆಜ್ಜೆ ಉಳಿದಿದೆ. ತೋಟ ಇಲ್ಲವಾಯಿತು, ತೋಟಗಾರರು ಉಳಿದಿದ್ದಾರೆ. ಅವರಲ್ಲಿ ಈಗ ಕಚೇರಿ ನೌಕರರು ಇದ್ದಾರೆ, ಆಟೋ ಓಡಿಸುವವರಿದ್ದಾರೆ, ಎಂಜಿನಿಯರುಗಳಿದ್ದಾರೆ. ಪೇಟೆಯ ಮನೆಗಳು ಗೋದಾಮುಗಳಾದಂತೆ ಹಲವರು ದೂರದ ಬಡಾವಣೆಗಳಿಗೆ ಹೋಗಿದ್ದಾರೆ. ಆದರೂ ಚೈತ್ರ ಬಂದರೆ ದೀಕ್ಷೆ ತೊಟ್ಟು ಕತ್ತಿ ಹಿಡಿಯಲು ಗುಡಿಗೆ ಬರುತ್ತಾರೆ. ಆ ಕುಂಟೆಯಲ್ಲಿ ಶುದ್ಧವಾದ ನೀರು ನಿಲ್ಲುವ ಹಾಗೆ ನೋಡಿಕೊಳ್ಳುವುದು, ಅದರ ಸುತ್ತಲ ಒಂದು ಅಂಗುಲ ಜಾಗವೂ ಇನ್ನು ಕೈತಪ್ಪದಂತೆ ಕಾಯುವುದು ಈ ನಗರದ ಆಡಳಿತ ಕರಗಕ್ಕೆ ಮಾಡಬಹುದಾದ ದೊಡ್ಡ ಸೇವೆ. ಬ್ಯಾನರು, ಕಟೌಟುಗಳಿಗಿಂತ ಅದು ಮೊದಲು ಆಗಬೇಕು.

ಕರಗ ಬೆಂಗಳೂರಿನದ್ದು ಮಾತ್ರವೂ ಅಲ್ಲ. ಆನೇಕಲ್, ಹೊಸಕೋಟೆ, ಕೋಲಾರ, ಮಾಲೂರುಗಳಲ್ಲೂ ಭಕ್ತಿಯಿಂದ ನಡೆಯುತ್ತದೆ. ಮಡಿಕೇರಿಯ ದಸರೆಯಲ್ಲಿ ನಾಲ್ಕು ಶಕ್ತಿದೇವತೆಗಳ ಕರಗಗಳು ಹೊರಡುತ್ತವೆ, ಅದರ ಕಥೆ ಬೇರೆ.

ಇನ್ನು ಈ ವರ್ಷ ಮೊದಲ ಬಾರಿ ಬರುವವರಿಗೆ ಒಂದೆರಡು ಮಾತು. ಬಿಹಾರದಿಂದಲೋ ಕೇರಳದಿಂದಲೋ ಬಂದು ಇಲ್ಲಿ ನೆಲೆ ನಿಂತವರು, ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಯಲ್ಲಿ ಕೂತು ಈ ಮಾತು ಕೇಳುತ್ತಿರುವವರು, ಯಾವ ಮತದವರೇ ಆಗಿರಲಿ, ಬನ್ನಿ. ಕರಗ ನೋಡಲು ಯಾರ ಪರವಾನಗಿಯೂ ಬೇಡ. ಚಿಕ್ಕಪೇಟೆಯಲ್ಲಿ, ಮಾರುಕಟ್ಟೆಯಲ್ಲಿ ಮೆಟ್ರೊ ನಿಲ್ದಾಣಗಳಿವೆ, ಗಾಡಿ ಮನೆಯಲ್ಲೇ ಬಿಡಿ. ರಾತ್ರಿ ಊಟ ಮುಗಿಸಿ ಹೊರಟರೆ ಹೂವಿನ ಪಲ್ಲಕ್ಕಿಗಳೆಲ್ಲ ನೋಡಲು ಸಿಗುತ್ತವೆ. ಸಣ್ಣ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಗುಡಿಯ ಬಾಗಿಲಿಗೆ ಹೋಗಬೇಡಿ, ದಾರಿಯ ಮಧ್ಯದಲ್ಲಿ ಯಾವುದಾದರೂ ಅಂಗಡಿಯ ಜಗಲಿ ಹಿಡಿಯಿರಿ. ಅಂಗಡಿಯವರು ಬೇಡ ಎನ್ನುವುದಿಲ್ಲ. ಕೈಯಲ್ಲಿ ಒಂದು ಮೊಳ ಮಲ್ಲಿಗೆ ಇರಲಿ. ವೀರಕುಮಾರರು ಓಡಿ ಬರುತ್ತಾರೆ, ಕತ್ತಿಗಳು ನಿಜವಾದ ಕತ್ತಿಗಳು, ಸದ್ದು ಕೇಳಿದೊಡನೆ ಗೋಡೆಗೆ ಒರಗಿ ದಾರಿ ಬಿಡಿ. ಕರಗ ಹೊತ್ತವರ ಕಣ್ಣಿಗೆ ಮೊಬೈಲಿನ ಬೆಳಕು ಬಿಡಬೇಡಿ, ಅವರ ಕಾಲು ಒಂದು ಕ್ಷಣವೂ ತಪ್ಪಬಾರದು. ಪಾನಕ ಕೊಟ್ಟವರಿಗೆ ಲೋಟ ಹಿಂದಿರುಗಿಸಿ ಬನ್ನಿ. ಜೊತೆಗೆ ನಿಂತವರು ಯಾವ ಪೇಟೆಯವರು ಎಂದು ಕೇಳಿ ನೋಡಿ, ಕರಗ ಬರುವ ತನಕ ಅವರು ನಿಮಗೆ ಕಥೆ ಹೇಳುತ್ತಾರೆ.